ಬಾಣಂತಿ ಮನೆಗೆ ಬಂದ ಮೇಲಿನ 42 ದಿನ: ಆಶಾ, ನರ್ಸಮ್ಮನನ್ನು ಮನೆಗೆ ಕರೆಸಿಕೊಳ್ಳುವುದು ಹೇಗೆ

ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನದು. ಗಂಡನ ಮನೆ ಹಿರಿಯೂರಿನ ಹತ್ತಿರ, ತವರು ಪರಶುರಾಂಪುರದ ಕಡೆ ಅಂತಿಟ್ಟುಕೊಳ್ಳಿ. ಹುಡುಗಿ ಬಸುರಿ ಎಂದು ಗೊತ್ತಾದಾಗ ತಾಯಿ ಕಾರ್ಡ್ ಮಾಡಿಸಿದವಳು ಗಂಡನೂರಿನ ಆಶಾ ಕಾರ್ಯಕರ್ತೆ. ಏಳನೇ ತಿಂಗಳಲ್ಲಿ ಮಡಿಲು ತುಂಬಿ ತವರಿಗೆ ಕರೆತರುತ್ತಾರೆ. ಹೆರಿಗೆ ಚಳ್ಳಕೆರೆಯ ತಾಲ್ಲೂಕು ಆಸ್ಪತ್ರೆಯಲ್ಲೋ ಚಿತ್ರದುರ್ಗದ ಜಿಲ್ಲಾಸ್ಪತ್ರೆಯಲ್ಲೋ ಆಗುತ್ತದೆ. ಕೂಸನ್ನು ಎತ್ತಿಕೊಂಡು ಮನೆಗೆ ಬಂದಾಗ ತವರೂರಿನ ಆಶಾಗೆ ಈ ಮನೆಯಲ್ಲೊಬ್ಬ ಬಾಣಂತಿ ಇದ್ದಾಳೆ ಎಂಬುದೇ ತಿಳಿದಿರುವುದಿಲ್ಲ. ಗಂಡನೂರಿನ ಆಶಾ ‘ತವರಿಗೆ ಹೋಗಿದ್ದಾಳೆ’ ಎಂದು ಪುಸ್ತಕದಲ್ಲಿ ಬರೆದುಕೊಂಡಿರುತ್ತಾಳೆ. ಇಬ್ಬರೂ ಕೆಲಸಗಳ್ಳಿಯರಲ್ಲ. ಆದರೂ ಆ ಬಾಣಂತಿಯ ಮನೆಗೆ ಯಾರೂ ಹೋಗಿರುವುದಿಲ್ಲ.

ನಾನು ಚಳ್ಳಕೆರೆ ತಾಲ್ಲೂಕಿನ ಆರೋಗ್ಯ ಉಪಕೇಂದ್ರಗಳಲ್ಲಿ ಎಎನ್‌ಎಂ ಆಗಿದ್ದು ನಿವೃತ್ತಳಾದವಳು. ಊರವರ ಬಾಯಲ್ಲಿ ನರ್ಸಮ್ಮ. ಈಗ ಆ ಹುದ್ದೆಯನ್ನು ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎನ್ನುತ್ತಾರೆ, ಉಪಕೇಂದ್ರಗಳ ಮೇಲೆ ಆಯುಷ್ಮಾನ್ ಆರೋಗ್ಯ ಮಂದಿರ ಎಂಬ ಬೋರ್ಡು ಬಂದಿದೆ. ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎಂಬುದನ್ನು ನಮ್ಮ ಜನ ಒಪ್ಪಿಕೊಂಡು ಬಹಳ ಕಾಲವಾಯಿತು. ಆಸ್ಪತ್ರೆಯಿಂದ ಬಂದ ಮೇಲೂ ಆರೈಕೆ ನಡೆಯಬೇಕು, ಅದಕ್ಕೆ ಮನೆ ಬಾಗಿಲಿಗೇ ಬರುವವರಿದ್ದಾರೆ, ಅವರನ್ನು ಕೇಳಿ ಕರೆಸಿಕೊಳ್ಳುವುದು ನಮ್ಮ ಹಕ್ಕು ಎಂಬುದು ಮಾತ್ರ ಇನ್ನೂ ಮನೆಮನೆ ಮುಟ್ಟಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾರು, ಯಾವಾಗ ಬರಬೇಕು

ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಾಗಿದ್ದರೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕು. ಮನೆಯಲ್ಲೇ ಹೆರಿಗೆಯಾಗಿಬಿಟ್ಟಿದ್ದರೆ ಮೊದಲ ದಿನದ್ದೂ ಸೇರಿ ಏಳು ಭೇಟಿ. ಸಿಸೇರಿಯನ್ ಆದವರು ಆಸ್ಪತ್ರೆಯಲ್ಲಿ ಹೆಚ್ಚು ದಿನ ಇರುವುದರಿಂದ ಅವರ ಭೇಟಿ 7ನೇ ದಿನದಿಂದ ಶುರು. ಆಮೇಲೆ ಮಗುವಿಗೆ 3, 6, 9, 12, 15 ತಿಂಗಳು ತುಂಬಿದಾಗಲೂ ಒಂದೊಂದು ಭೇಟಿ ಇದೆ. ಇದಕ್ಕೆ ನೀವು ಒಂದು ಪೈಸೆ ಕೊಡಬೇಕಿಲ್ಲ. ಮೊದಲ 42 ದಿನದ ಭೇಟಿ ಮುಗಿಸಿದ್ದಕ್ಕೆ ಸರ್ಕಾರ ಆಕೆಗೆ 250 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಮಾಡುವ ಕೆಲಸಕ್ಕೆ ಅದು ತೀರಾ ಕಡಿಮೆ ಎಂಬುದು ನನ್ನ ಅಭಿಪ್ರಾಯ. ಬಿಸಿಲಲ್ಲಿ ನಡೆದು ಬಂದವಳಿಗೆ ಒಂದು ಚೊಂಬು ನೀರು, ಕೂರಲು ಒಂದು ಚಾಪೆ ಕೊಡಿ.

ಇದೆಲ್ಲ ನಡೆಯಬೇಕಾದರೆ ಎರಡೂ ಊರಿನ ಆಶಾಗಳಿಗೆ ಸುದ್ದಿ ಮುಟ್ಟಬೇಕು. ತವರಿಗೆ ಹೊರಡುವ ಮುಂಚೆಯೇ ಗಂಡನೂರಿನ ಆಶಾ ಹತ್ತಿರ ‘ಅಕ್ಕಾ, ಇಂಥ ಊರಿಗೆ ಹೋಗ್ತಿದೀನಿ, ಅಲ್ಲಿನ ಆಶಾ ನಂಬರ್ ಕೊಡಿಸು’ ಎಂದು ಕೇಳಿ. ಅವಳ ಹತ್ತಿರ ಇಲ್ಲದಿದ್ದರೂ ಉಪಕೇಂದ್ರದ ಸಿಸ್ಟರ್ ಕೊಡಿಸುತ್ತಾರೆ. ತವರಿಗೆ ಬಂದ ವಾರದೊಳಗೆ ತಾಯಿ ಕಾರ್ಡ್ ಹಿಡಿದು ಅಲ್ಲಿನ ಅಂಗನವಾಡಿಗೋ ಉಪಕೇಂದ್ರಕ್ಕೋ ಹೋಗಿ ಹೆಸರು ಬರೆಸಿ. ಕಾರ್ಡಿನ ಮೇಲಿರುವ ಆರ್‌ಸಿಎಚ್ ಸಂಖ್ಯೆ ಎಲ್ಲ ಸರ್ಕಾರಿ ಆಸ್ಪತ್ರೆಗೂ ಒಂದೇ, ಹೊಸ ಕಾರ್ಡ್ ಬೇಕಿಲ್ಲ.

ಇನ್ನೊಂದು ಸಣ್ಣ ಸಂಗತಿಯೇ ದೊಡ್ಡ ತೊಡಕಾಗುತ್ತದೆ. ಕಾರ್ಡಿನಲ್ಲಿ ಬಹುಪಾಲು ಗಂಡನ ಮೊಬೈಲ್ ನಂಬರ್ ಇರುತ್ತದೆ. ಅವನು ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾನೆ, ಅಥವಾ ಲಾರಿ ಮೇಲೆ ಹೋಗಿರುತ್ತಾನೆ. ಆಶಾ ಫೋನ್ ಮಾಡಿದರೆ ಅವನಿಗೆ ಬರುತ್ತದೆ, ಬಾಣಂತಿಗೆ ತಿಳಿಯುವುದೇ ಇಲ್ಲ. ತವರಿಗೆ ಬಂದ ಕೂಡಲೇ ಹುಡುಗಿಯ ತಾಯಿಯದೋ ಅಣ್ಣನದೋ ನಂಬರನ್ನು ಕಾರ್ಡಿನ ಮೇಲೆ ಪೆನ್ನಿನಲ್ಲಿ ಬರೆಸಿ, ಆಶಾಳ ಫೋನಿನಲ್ಲೂ ಸೇವ್ ಮಾಡಿಸಿ. ಕಾಫಿ ಸೀಮೆಗೆ ಗುಳೆ ಹೋಗುವ ತಾಂಡಾದವರು, ಕುರಿ ಹಿಂಡಿನ ಜೊತೆ ಊರೂರು ತಿರುಗುವವರು ಇದನ್ನು ತಪ್ಪದೆ ಮಾಡಬೇಕು. ಎಲ್ಲಿ ಬಿಡಾರ ಹೂಡುತ್ತೀರೋ ಅಲ್ಲಿನ ಅಂಗನವಾಡಿಯಲ್ಲಿ ಕಾರ್ಡ್ ತೋರಿಸಿದರೆ ಸಾಕು, ನಮ್ಮೂರಿನವರಲ್ಲ ಎಂದು ಹಿಂದೆ ಕಳಿಸುವಂತಿಲ್ಲ.

ಆಸ್ಪತ್ರೆಯಿಂದ ಹೊರಡುವಾಗ

2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಜಾರಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ ಎಲ್ಲ ಉಚಿತ. ಸಹಜ ಹೆರಿಗೆಗೆ ಮೂರು ದಿನ, ಸಿಸೇರಿಯನ್‌ಗೆ ಏಳು ದಿನದವರೆಗೆ ಊಟ ಕೊಡಬೇಕು. ಬರಲು 108, ಮನೆಗೆ ಬಿಡಲು ನಗು-ಮಗು ವಾಹನ. ಮಗುವಿನ ಮುಖ ತೋರಿಸಲು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, 104ಕ್ಕೆ ಫೋನ್ ಮಾಡಿ ದೂರು ಕೊಡಿ.

ಎರಡನೇ ದಿನವೇ ಮನೆಗೆ ಹೋಗುತ್ತೇವೆಂದು ಹಟ ಮಾಡುವವರಿದ್ದಾರೆ. 48 ಗಂಟೆ ಅಲ್ಲೇ ಇರಿ. ರಕ್ತಸ್ರಾವ, ನಂಜು, ಮಗುವಿಗೆ ಉಸಿರಿನ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಹೊತ್ತಿನಲ್ಲೇ. ಹೊರಡುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ ಉತ್ತರವನ್ನು ಕಾರ್ಡಿನಲ್ಲಿ ಬರೆಸಿಕೊಳ್ಳಿ: ಮಗುವಿನ ಹುಟ್ಟುತೂಕ ಎಷ್ಟು? ಬಿಸಿಜಿ, ಪೋಲಿಯೊ, ಹೆಪಟೈಟಿಸ್-ಬಿ ಲಸಿಕೆ ಆಗಿದೆಯೇ? ತಾಯಿಯ ಬಿ.ಪಿ. ಮತ್ತು ಹಿಮೋಗ್ಲೋಬಿನ್ ಎಷ್ಟಿದೆ? ಹೊಲಿಗೆ ಇದ್ದರೆ ಯಾವಾಗ ತೋರಿಸಬೇಕು? ಮನೆಗೆ ಬರುವ ಆಶಾಗೆ ಈ ನಾಲ್ಕು ಸಾಲೇ ಆಧಾರ. ಹುಟ್ಟುತೂಕ ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಅದನ್ನು ಬಾಯಿಬಿಟ್ಟು ಹೇಳಿ, ಅಂಥ ಮಗುವಿನ ಮೇಲೆ ಹೆಚ್ಚಿನ ನಿಗಾ ಬೇಕು.

ಮನೆಗೆ ಬಂದವರು ಏನು ಮಾಡಬೇಕು

ಬಂದವರು ಬಾಗಿಲಲ್ಲೇ ನಿಂತು ‘ಚೆನ್ನಾಗಿದೀರಾ’ ಎಂದು ಕೇಳಿ ಸಹಿ ಹಾಕಿಸಿಕೊಂಡು ಹೋದರೆ ಅದು ಭೇಟಿಯಲ್ಲ. ‘ಒಳಗೆ ಬಾರಮ್ಮ, ಕೂಸು ನೋಡು’ ಎಂದು ನೀವೇ ಕರೆಯಿರಿ. ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಮಗುವಿನ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ಬೀಪ್ ಎನ್ನುವವರೆಗೆ ಕಾಯಬೇಕು, 97.7ರಿಂದ 99.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸರಿ. ಆಮೇಲೆ ಜೋಲಿಯಲ್ಲಿ ಮಲಗಿಸಿ ತೂಕ. ಮೊದಲ ಕೆಲವು ದಿನ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟುತೂಕಕ್ಕೆ ವಾಪಸು ಬರಬೇಕು. ಹಾಗಾಗಿ 14ನೇ ದಿನದ ತೂಕವನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ.

ಉಸಿರು ಎಣಿಸುವುದನ್ನು ಮನೆಯವರೂ ಕಲಿಯಬೇಕು. ಮಗು ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು. ನಿದ್ದೆ ಹತ್ತಿದ ಮೇಲೆ ಹೊದಿಕೆ ಸರಿಸಿ, ಅಂಗಿಯನ್ನು ಎದೆಯವರೆಗೆ ಎತ್ತಿ, ಬೆಳಕಿಗೆ ತಿರುಗಿಸಿಕೊಳ್ಳಿ. ಹೊಟ್ಟೆ ಏರಿ ಇಳಿದರೆ ಒಂದು. ಮೊಬೈಲಿನ ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಎಣಿಸಬೇಕು. ಎಳೆಗೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ: ನಾಲ್ಕಾರು ಸಲ ಬೇಗ ಬೇಗ ಬಂದು, ಒಂದು ಕ್ಷಣ ನಿಂತು, ಮತ್ತೆ ಶುರುವಾಗುತ್ತದೆ. ಆದ್ದರಿಂದ ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಿದರೆ ಲೆಕ್ಕ ತಪ್ಪುತ್ತದೆ. 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಎರಡನೇ ಸಲವೂ ಅಷ್ಟೇ ಬಂದರೆ, ಅಥವಾ ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಆಗಲೇ 108ಕ್ಕೆ ಫೋನ್ ಮಾಡಿ. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಜಿಲ್ಲಾಸ್ಪತ್ರೆಗಳಲ್ಲಿ ನವಜಾತ ಶಿಶುಗಳಿಗೆಂದೇ ವಿಶೇಷ ಆರೈಕೆ ಘಟಕವಿದೆ, ನಮ್ಮವರು ಎಸ್‌ಎನ್‌ಸಿಯು ಎನ್ನುತ್ತಾರೆ.

ಥರ್ಮಾಮೀಟರ್ ಇಲ್ಲದ ಹೊತ್ತಿನಲ್ಲಿ ನಿಮ್ಮ ಕೈಯ ಹಿಂಬದಿಯಿಂದ ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಮಗು ಚಳಿಗೆ ಸಿಕ್ಕಿದೆ. ಮಾಗಿ ಕಾಲದಲ್ಲಿ ನಮ್ಮ ಬಯಲು ಸೀಮೆಯ ರಾತ್ರಿ ಎಷ್ಟು ಕೊರೆಯುತ್ತದೆಂದು ನಿಮಗೆ ಗೊತ್ತೇ ಇದೆ. ಕೂಸಿಗೆ ಟೊಪ್ಪಿಗೆ, ಕಾಲುಚೀಲ ಹಾಕಿ, ಚೆಡ್ಡಿಯಷ್ಟೇ ಬಿಟ್ಟು ಬರಿಮೈಯಲ್ಲಿ ತಾಯಿಯ ಎದೆಗೆ ಅವುಚಿ, ಮೇಲೆ ಸೀರೆ, ಕಂಬಳಿ ಸುತ್ತಿ. ತಾಯಿ ದಣಿದಿದ್ದರೆ ಅಪ್ಪನೂ ಹೀಗೆ ಹಿಡಿದುಕೊಳ್ಳಬಹುದು. ಎರಡೂ ತಣ್ಣಗಿದ್ದರೆ ಹೀಗೆ ಎದೆಗವುಚಿಕೊಂಡೇ ಆಸ್ಪತ್ರೆಗೆ ಹೊರಡಿ.

ತಾಯಿಯನ್ನು ನೋಡದೆ ಮಗುವನ್ನಷ್ಟೇ ನೋಡಿ ಹೋಗುವ ಅಭ್ಯಾಸ ಮನೆಯವರಲ್ಲೂ ಇದೆ, ನಮ್ಮವರಲ್ಲೂ ಇದೆ. ಒಂದು ಗಂಟೆಯೊಳಗೆ ದಪ್ಪ ಪ್ಯಾಡ್ ಪೂರ್ತಿ ನೆನೆಯುವುದು, ಜ್ವರ, ಕೆಟ್ಟ ವಾಸನೆಯ ಸ್ರಾವ, ತಡೆಯಲಾರದ ತಲೆನೋವು, ಕಣ್ಣು ಮಂಜಾಗುವುದು, ಫಿಟ್ಸ್, ಒಂದೇ ಕಾಲು ಊದಿ ನೋಯುವುದು, ಏದುಸಿರು: ಇವುಗಳಲ್ಲಿ ಯಾವುದೊಂದು ಕಂಡರೂ ಬೆಳಗಾಗಲೆಂದು ಕಾಯಬೇಡಿ. ಬಿ.ಪಿ.ಯಿಂದ ಬರುವ ಫಿಟ್ಸ್ ಹೆರಿಗೆಯಾದ ಮೇಲೂ ಬರಬಹುದು. ಅದನ್ನು ‘ಗಾಳಿ ಸೋಕಿದೆ’ ಎಂದು ಮಂತ್ರಿಸಲು ಕರೆದೊಯ್ದು ತಡ ಮಾಡಿದವರನ್ನು ನೋಡಿದ್ದೇನೆ. ಬಾಣಂತಿ ಎರಡು ವಾರ ಕಳೆದರೂ ಸುಮ್ಮನೆ ಅಳುತ್ತಾ, ನಿದ್ದೆಗೆಟ್ಟು, ಮಗುವನ್ನು ಎತ್ತಿಕೊಳ್ಳಲು ಮನಸ್ಸಿಲ್ಲದೆ ಕೂತಿದ್ದರೆ ಬೈಯಬೇಡಿ. ಅದೂ ಒಂದು ಕಾಯಿಲೆ, ಅದಕ್ಕೂ ಔಷಧಿ ಇದೆ. ಆಶಾಗೆ ಹೇಳಿ.

ಅಜ್ಜಿಯರ ಬಾಣಂತನ

ಬಾಣಂತನದ ಅನುಭವವಿರುವ ಅಜ್ಜಿಯನ್ನು ಪಕ್ಕಕ್ಕೆ ಸರಿಸಿ ಆರೈಕೆ ಮಾಡುತ್ತೇನೆಂದು ಹೊರಟ ಸಿಸ್ಟರ್ ಆ ಮನೆಯಲ್ಲಿ ಏನೂ ಸಾಧಿಸಲಾರಳು. ನಮ್ಮ ಜಿಲ್ಲೆಗೆ ತಾಗಿರುವ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅವರು ಒಂದು ಕಾಸೂ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದವರು. ಅಂಥ ಕೈಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಇವೆ. ಹೆರಿಗೆ ಕೋಣೆಯಲ್ಲಿ ಜೊತೆಗಿರಲು ಒಬ್ಬ ಹೆಂಗಸನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಡುತ್ತಾರೆ. ಆ ಅಜ್ಜಿಯನ್ನೇ ಕರೆದೊಯ್ಯಿರಿ. ಬೆನ್ನು ನೀವುವುದು, ಓಡಾಡಿಸುವುದು, ‘ಇನ್ನೇನ್ ಆಗೋಯ್ತು ಕಣವ್ವ’ ಎನ್ನುವುದು, ಇವು ನೋವಿನ ಹೊತ್ತಿನಲ್ಲಿ ಎಷ್ಟು ಬಲ ಕೊಡುತ್ತವೆಂದು ನಾನು ಕಣ್ಣಾರೆ ಕಂಡಿದ್ದೇನೆ. ಬೇಡವಾದದ್ದು ಮನೆಯಲ್ಲಿ ನೋವು ಬರಿಸುವ ಇಂಜೆಕ್ಷನ್ ಕೊಡಿಸುವುದು ಮತ್ತು ಹೊಟ್ಟೆ ಒತ್ತುವುದು. ಇವೆರಡರಿಂದ ಗರ್ಭಕೋಶ ಹರಿದು ತಾಯಿ-ಮಗು ಇಬ್ಬರ ಜೀವಕ್ಕೂ ಸಂಚಕಾರ ಬರಬಹುದು.

ಬಾಣಂತನದಲ್ಲಿ ಉಳಿಸಿಕೊಳ್ಳುವಂಥದ್ದು ಬಹಳವಿದೆ. ಕೊಬ್ಬರಿ-ಬೆಲ್ಲದ ಅಂಟಿನುಂಡೆ, ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿದ ಸಾರು, ಎಣ್ಣೆ ನೀವುವುದು, ಯಾರೂ ಕೆಲಸ ಹೇಳದ ವಿಶ್ರಾಂತಿ. ತಿದ್ದಬೇಕಾದದ್ದೂ ಇದೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ದಪ್ಪವಾಗುತ್ತದೆಂದು ಗುಟುಕು ಲೆಕ್ಕದಲ್ಲಿ ಕೊಡುವುದು ನಮ್ಮ ಬೇಸಿಗೆಯಲ್ಲಿ ಶಿಕ್ಷೆಯೇ ಸರಿ. ಮಲಬದ್ಧತೆ, ಉರಿಮೂತ್ರ, ಸುಸ್ತು ಎಲ್ಲ ಅದರಿಂದಲೇ. ಬಾಯಾರಿದಷ್ಟೂ ಕುಡಿಯಲಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡಬೇಡಿ, ಆ ಹೊಗೆಯಿಂದ ಮಗುವಿಗೆ ಉಸಿರು ಕಟ್ಟುತ್ತದೆ. ಹೊಕ್ಕುಳಿಗೆ ಹರಳೆಣ್ಣೆ, ಬೂದಿ, ಅರಿಶಿನ, ಪೌಡರ್ ಏನನ್ನೂ ಹಚ್ಚಬೇಡಿ. ಒಣಗಲು ಬಿಟ್ಟರೆ ಎರಡು ವಾರದೊಳಗೆ ತಾನಾಗಿ ಉದುರುತ್ತದೆ. ಬಜೆ ತೇದು ನೆಕ್ಕಿಸುವುದು, ಜೇನು, ಸಕ್ಕರೆ ನೀರು ಬೇಡ. ಮೊದಲ ದಿನದ ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲದೆ ಹುಟ್ಟಿದ ಗಂಟೆಯೊಳಗೆ ಕುಡಿಸಿ, ಆರು ತಿಂಗಳು ತಾಯಿಹಾಲು ಬಿಟ್ಟು ನೀರೂ ಬೇಡ.

‘ಹಾಲು ಸಾಲ್ತಿಲ್ಲ ನರ್ಸಮ್ಮ, ಡಬ್ಬಿ ಹಾಲು ಬರ್ಕೊಡಿ’ ಎನ್ನುವುದು ನಾನು ಅತಿ ಹೆಚ್ಚು ಕೇಳಿದ ಮಾತು. ‘ದಿನಕ್ಕೆ ಎಷ್ಟು ಸಲ ಉಚ್ಚೆ ಹೊಯ್ಯುತ್ತೆ?’ ಎಂದು ತಿರುಗಿ ಕೇಳುತ್ತಿದ್ದೆ. ಮೊದಲ ವಾರ ಕಳೆದ ಮೇಲೆ ಆರು ಸಲಕ್ಕಿಂತ ಹೆಚ್ಚು ಹೊಯ್ದು, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ. ಕುಡಿಯುವುದನ್ನೇ ಬಿಟ್ಟ ಮಗು, ಎಬ್ಬಿಸಿದರೂ ಏಳದ ಮಗು, ಅಂಗೈ-ಅಂಗಾಲಿಗೂ ಹಳದಿ ಇಳಿದ ಮಗು, ಹುಟ್ಟಿದ ಮೊದಲ ದಿನವೇ ಹಳದಿ ಕಂಡ ಮಗು, ಇವಕ್ಕೆ ಎಳೆಬಿಸಿಲು ಔಷಧಿಯಲ್ಲ, ಆಸ್ಪತ್ರೆಯೇ ಬೇಕು.

ಊರಾಚೆಯ ಗುಡಿಸಲ ವಿಚಾರ ಬರೆಯದೆ ಇರಲಾರೆ. ಚಳ್ಳಕೆರೆ, ಹಿರಿಯೂರು ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ದೇವರಿಗೆ ಮೈಲಿಗೆ ಎಂದು ಬಾಣಂತಿ ಮತ್ತು ಕೂಸನ್ನು ಹಟ್ಟಿಯ ಹೊರಗೆ ಇಡುವುದುಂಟು. 2023ರ ಮಳೆಗಾಲದಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಹಟ್ಟಿಯೊಂದರಲ್ಲಿ ಹೀಗೆ ಹೊರಗಿಟ್ಟ ಹಸುಗೂಸು ಶೀತಕ್ಕೆ ತೀರಿಕೊಂಡಿತು. ಹೀಗೆ ಬಲವಂತವಾಗಿ ಹೊರಗಿಡುವುದು 2017ರ ರಾಜ್ಯದ ಮೌಢ್ಯ ನಿಷೇಧ ಕಾಯ್ದೆಯಂತೆ ಅಪರಾಧ. ಆದರೆ ಕಾಯ್ದೆ ಓದಿ ಹೇಳಿದ ಮಾತ್ರಕ್ಕೆ ಹಟ್ಟಿ ಕೇಳುವುದಿಲ್ಲ. ಹೆರಿಗೆಗೆ ಎರಡು ತಿಂಗಳು ಮುಂಚೆಯೇ ಯಜಮಾನರನ್ನು, ಪೂಜಾರಿಯನ್ನು ಕೂರಿಸಿಕೊಂಡು ಮಾತಾಡಬೇಕು, ವೈದ್ಯಾಧಿಕಾರಿಯನ್ನೂ ಕರೆಸಬೇಕು. ತಾಯಿ-ಮಗು ಮನೆಯೊಳಗೇ ಇರಬೇಕು ಎಂಬುದು ನನ್ನ ಖಂಡಿತ ಮಾತು. ಮಾತುಕತೆ ಮುಗಿಯುವಷ್ಟರಲ್ಲಿ ಹೆರಿಗೆಯೇ ಆಗಿಬಿಟ್ಟರೆ ಬಾಗಿಲು ಭದ್ರವಾಗಿರುವ ಪಕ್ಕಾ ಕಟ್ಟಡ, ಮಂಚ, ದೀಪ, ಚಾರ್ಜ್ ಇರುವ ಫೋನು, ಹಗಲು-ರಾತ್ರಿ ಜೊತೆಗೊಬ್ಬ ಹೆಂಗಸು ಇರಲೇಬೇಕು. ಹಟ್ಟಿಯ ಸೊಸೆಯಂದಿರೇ, ನಿಮ್ಮ ಆಶಾಗೆ ಮೊದಲೇ ಹೇಳಿಡಿ, ಆಕೆ ನೀವಿರುವಲ್ಲಿಗೇ ಬರಬೇಕು.

ಗಾಡಿ ಬರುವ ಮುಂಚೆಯೇ ಹೆರಿಗೆಯಾದರೆ

108ಕ್ಕೆ ಫೋನ್ ಮಾಡಿ ಊರಿನ ಗುರುತು ಹೇಳಿ. ಕೈ ತೊಳೆದು, ಒಗೆದು ಒಣಗಿಸಿದ ಬಟ್ಟೆ ಹಾಸಿ. ಮಗುವನ್ನು ಎಳೆಯಬೇಡಿ. ಬಂದ ಕೂಡಲೇ ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ಹೊದಿಸಿ. ಹೊಕ್ಕುಳಬಳ್ಳಿ ಕೊಯ್ಯಲು ಅವಸರವಿಲ್ಲ, 108ರ ಸಿಬ್ಬಂದಿ ಕೊಯ್ಯುತ್ತಾರೆ. ಕಸವನ್ನು, ಅಂದರೆ ಮಾಸನ್ನು, ಕೈಹಾಕಿ ಎಳೆಯಬೇಡಿ. ತಾನಾಗಿ ಬಿದ್ದರೆ ಕವರಿನಲ್ಲಿಟ್ಟು ಜೊತೆಗೆ ತನ್ನಿ. ಇಬ್ಬರೂ ಚೆನ್ನಾಗಿಯೇ ಇದ್ದಾರೆ ಎನಿಸಿದರೂ ಆಸ್ಪತ್ರೆಗೆ ಹೋಗಲೇಬೇಕು.

ದುಡ್ಡು ಕೊಟ್ಟು ಹೋಂ ನರ್ಸ್ ಇಟ್ಟುಕೊಳ್ಳುವವರಿಗೆ

ದಾವಣಗೆರೆ, ಚಿತ್ರದುರ್ಗ ಪಟ್ಟಣಗಳಲ್ಲಿ ಬಾಣಂತನಕ್ಕೆ ಹೆಂಗಸರನ್ನು ಕಳಿಸುವ ಏಜೆನ್ಸಿಗಳಿವೆ. ಎಣ್ಣೆ-ನೀರು ಹಾಕುವ ಅನುಭವಿ ಹೆಂಗಸು ಬೇರೆ, ನರ್ಸ್ ಬೇರೆ. ನಿಮಗೆ ಯಾರು ಬೇಕೆಂದು ಮೊದಲು ನಿರ್ಧರಿಸಿ. ಹೊಲಿಗೆ ನೋಡುವುದು, ಇಂಜೆಕ್ಷನ್ ಕೊಡುವುದು ಇದ್ದರೆ ಎಎನ್‌ಎಂ, ಜಿಎನ್‌ಎಂ ಅಥವಾ ಬಿಎಸ್ಸಿ ನರ್ಸಿಂಗ್ ಓದಿದವರೇ ಬೇಕು. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರ ತೋರಿಸಿ ಎನ್ನಿ, ತೋರಿಸದಿದ್ದರೆ ಬೇಡವೆನ್ನಿ. ಕೆಲಸದ ಹೊತ್ತು, ರಜೆ, ಊಟ, ಸಂಬಳ ಕಾಗದದ ಮೇಲೆ ಬರೆದುಕೊಳ್ಳಿ. ಹೋಂ ನರ್ಸ್ ಇದ್ದಾಳೆಂದು ಆಶಾಳ ಭೇಟಿ ಬೇಡವೆನ್ನಬೇಡಿ, ಲಸಿಕೆಯ ಲೆಕ್ಕ ಇರುವುದು ಆಕೆಯ ಹತ್ತಿರ.

ಮಾತ್ರೆ, ಲಸಿಕೆ, ಅಂತರ

ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ 180 ದಿನ, ದಿನಕ್ಕೊಂದು. ಕ್ಯಾಲ್ಸಿಯಂ ದಿನಕ್ಕೆರಡು. ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಎರಡು ಗಂಟೆ ಬಿಟ್ಟು ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯನ್ನು ಟೀ, ಹಾಲಿನ ಜೊತೆ ನುಂಗದೆ ನಿಂಬೆಹಣ್ಣಿನ ಪಾನಕದ ಜೊತೆ ತೆಗೆದುಕೊಂಡರೆ ಒಳ್ಳೆಯದು. ಮಲ ಕಪ್ಪಗಾದರೆ ಹೆದರಬೇಡಿ. ಮಗುವಿಗೆ ಒಂದೂವರೆ ತಿಂಗಳಾದ ಮೇಲೆ ಬರುವ ಗುರುವಾರ ಮುಂದಿನ ಲಸಿಕೆಗೆ ಹೋಗಿ. ಆ ರಾತ್ರಿ ಸ್ವಲ್ಪ ಜ್ವರ ಬರಬಹುದು, ಸಿಸ್ಟರ್ ಕೊಟ್ಟ ಔಷಧಿಯನ್ನು ಅವರು ಹೇಳಿದಷ್ಟೇ ಹಾಕಿ.

ಗಂಡನ ಮನೆಗೆ ಕಳಿಸುವುದು ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ. ಹೊರಡುವ ಮುಂಚೆ ಅಲ್ಲಿನ ಆಶಾಗೆ ಫೋನ್ ಮಾಡಿ, ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಎಂದು ತಿಳಿಸಿ.

42ನೇ ದಿನದ ಭೇಟಿಯಲ್ಲಿ ಮುಂದಿನ ಮಗುವಿಗೆ ಅಂತರ ಇಡುವ ಮಾತನ್ನು ಆಶಾ ಎತ್ತುತ್ತಾಳೆ. ಆಗ ಅತ್ತೆ ಎದ್ದು ಹೊರಗೆ ಹೋದರೆ ಹುಡುಗಿ ಬಾಯಿ ಬಿಡುತ್ತಾಳೆ, ದಯವಿಟ್ಟು ಆ ಉಪಕಾರ ಮಾಡಿ. ಮುಟ್ಟು ಶುರುವಾಗಿಲ್ಲವೆಂದರೆ ಬಸಿರಾಗುವುದಿಲ್ಲ ಎಂಬುದನ್ನು ನಂಬಬೇಡಿ. ಕಾಪರ್-ಟಿ ಹಾಕಿಸಬಹುದು. ಛಾಯಾ ಮಾತ್ರೆ ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು, ಹಾಲುಣಿಸುವವರೂ ನುಂಗಬಹುದು. ಅಂತರಾ ಇಂಜೆಕ್ಷನ್ ಆರು ವಾರದ ನಂತರ ಶುರು ಮಾಡಿ, ಮೂರು ತಿಂಗಳಿಗೊಮ್ಮೆ ತೆಗೆದುಕೊಳ್ಳಬೇಕು. ಎಲ್ಲವೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಇಂಜೆಕ್ಷನ್ ಆರಿಸಿಕೊಂಡರೆ ಮುಂದಿನ ತಾರೀಖನ್ನು ಕಾರ್ಡಿನಲ್ಲಿ ಬರೆಸಿಕೊಂಡೇ ಬನ್ನಿ.